ಅಮ್ಮನ ಮನೆ ಪತ್ರ ಯಾರು ಬೇಕಾದರೂ ನೋಡಬಹುದಾ? ಹೆಬ್ಬೆಟ್ಟು, ಆಧಾರ್ ನಂಬರ್ ಎಲ್ಲ ಅದರಲ್ಲೇ ಇದೆ!

ಶರಾವತಿ ತೀರದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಪ್ಪ ಹೋದ ಮೇಲೆ ಅಮ್ಮ ಸಾಗರದ ಹಳೆ ಮನೆ ಮಾರಿ ಶಿವಮೊಗ್ಗದಲ್ಲಿ ಒಂದು ಸಣ್ಣ ಮನೆ ತೆಗೆದುಕೊಂಡರು. ಕ್ರಯಪತ್ರ ಅಮ್ಮನ ಹೆಸರಿಗೇ ಆಗಿದೆ. ಅವರಿಗೆ 67 ವರ್ಷ, ಒಬ್ಬರೇ ಇರುತ್ತಾರೆ. ನಾನು ಬೆಂಗಳೂರಿನಲ್ಲಿದ್ದೇನೆ.

ನೋಂದಣಿ ಆಗಿದ್ದೇ ತಡ, ಫೋನ್‌ಗಳು ಶುರುವಾದವು. ಒಬ್ಬರು ಇಂಟೀರಿಯರ್ ಮಾಡಿಸ್ತೀರಾ ಅಂತ, ಇನ್ನೊಬ್ಬರು ಸಾಲ ಬೇಕಾ ಅಂತ. ಇದು ಎಲ್ಲರಿಗೂ ಬರುತ್ತೆ ಬಿಡಿ. ಆದರೆ ಮೊನ್ನೆ ಒಬ್ಬ ಅಮ್ಮನ ಪೂರ್ತಿ ಹೆಸರು, ಬಡಾವಣೆ, ಸೈಟಿನ ಅಳತೆ ಎಲ್ಲ ಸರಿಯಾಗಿ ಹೇಳಿ, "ನಿಮ್ಮ ಇ-ಖಾತಾ ಪೆಂಡಿಂಗ್ ಇದೆ ಮೇಡಂ, ಒಂದು ಒಟಿಪಿ ಬರುತ್ತೆ, ಹೇಳಿ" ಅಂದಿದ್ದಾನೆ. ಅಮ್ಮ ಟೀಚರ್ ಆಗಿದ್ದವರು. "ನಾನೇ ಕಚೇರಿಗೆ ಬರ್ತೀನಿ, ನಿಮ್ಮ ಹೆಸರು, ಟೇಬಲ್ ಯಾವುದು ಹೇಳಿ" ಅಂದರಂತೆ. ಆ ಕಡೆಯಿಂದ ಫೋನ್ ಇಟ್ಟುಬಿಟ್ಟ.

ಆಮೇಲೆ ಪತ್ರ ತೆಗೆದು ನಿಧಾನವಾಗಿ ಓದಿದೆ. ಮೊದಲ ಪುಟದಲ್ಲೇ ಅಮ್ಮನ ಹೆಸರು, ವಯಸ್ಸು, ಅಪ್ಪನ ಹೆಸರು, ಹಳೆ ವಿಳಾಸ, ಪ್ಯಾನ್, ಆಧಾರಿನ 12 ಅಂಕಿ. ಪುಟದ ಹಿಂಭಾಗದಲ್ಲಿ ಫೋಟೋ, ಪಕ್ಕದಲ್ಲಿ ಹೆಬ್ಬೆಟ್ಟು, ಅದರ ಪಕ್ಕ ಸಹಿ. ಹೆಬ್ಬೆಟ್ಟಿನ ಗೆರೆಗಳು ಎಷ್ಟು ಸ್ಪಷ್ಟವಾಗಿವೆ ಅಂದರೆ, ನಡುವಿನ ಸುಳಿ, ಬಲಗಡೆ ಇರುವ ಹಳೆ ಗಾಯದ ಗೀಟು ಕೂಡ ಕಾಣುತ್ತೆ. ಆ ಗಾಯ ನನಗೆ ಗೊತ್ತು, ಹಲಸಿನಕಾಯಿ ಹೆಚ್ಚುವಾಗ ಆಗಿದ್ದು.

ಈ ಪತ್ರದ ನಕಲು ಯಾರು ಬೇಕಾದರೂ ತೆಗೆಸಬಹುದು ಅಂತ ಪರಿಚಯದ ವಕೀಲರೊಬ್ಬರು ಹೇಳಿದರು. ನಿಜವಾ? ಆನ್‌ಲೈನ್ ದಾಖಲೆಯಿಂದ ಅಮ್ಮನ ಹೆಸರು ತೆಗೆಸೋಕೆ ಆಗುತ್ತಾ? ಹೆಬ್ಬೆಟ್ಟಿನಿಂದ ಬ್ಯಾಂಕಿನ ದುಡ್ಡು ಹೊಡೆಯುತ್ತಾರೆ ಅನ್ನೋದು ಎಷ್ಟರಮಟ್ಟಿಗೆ ನಿಜ? ಅಣ್ಣ ಬೇರೆ, "ಮನೇನ ನಮ್ಮಿಬ್ಬರ ಹೆಸರಿಗೆ ದಾನಪತ್ರ ಮಾಡಿಸಿಬಿಡೋಣ, ಅಮ್ಮನಿಗೆ ಈ ಕಾಟ ಬೇಡ" ಅಂತಿದ್ದಾನೆ. ತಿಳಿದವರು ದಯವಿಟ್ಟು ಹೇಳಿ.

ಹಾಸನದವನು ಉತ್ತರ:

2017ರಲ್ಲೇ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆಯೂ ಬಂದಿದೆ. ಒಂದು ಅರ್ಜಿ ಹಾಕಿ ಎಲ್ಲ ತೆಗೆಸಿಬಿಡಿ. ಕೇಳದಿದ್ದರೆ ಕೋರ್ಟ್ ಇದೆಯಲ್ಲ.

ಪತ್ರ ಬರಹ, ತಿಪಟೂರು ಉತ್ತರ:

ಹಾಸನದವರೇ, ನೀವು ಹೇಳಿದಷ್ಟು ಸುಲಭ ಇಲ್ಲ. ಆ 2023ರ ಕಾಯ್ದೆಯ 3ನೇ ಕಲಂ ಓದಿ. ಕಾನೂನಿನ ಪ್ರಕಾರ ಸಾರ್ವಜನಿಕವಾಗಿ ಇಡಲೇಬೇಕಾದ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಅದರಲ್ಲೇ ಇದೆ. ನೋಂದಣಿ ದಾಖಲೆಯ ಬಹುಪಾಲು ಅದೇ ಲೆಕ್ಕಕ್ಕೆ ಬರುತ್ತೆ.

ತಂಗಿ, ನಿಮಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಪತ್ರ ಬರೆದೇ ಬದುಕು ಮಾಡಿದವನು. ಉಪನೋಂದಣಿ ಕಚೇರಿ ಎದುರೇ ನನ್ನ ಟೇಬಲ್ಲು.

1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ, ಸ್ಥಿರಾಸ್ತಿ ಪತ್ರಗಳು ಸೇರುವ 1ನೇ ಪುಸ್ತಕವನ್ನು ಫೀಸು ಕಟ್ಟಿದ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲು ತೆಗೆಸಬಹುದು. ವಿಲ್ ಹಾಗಲ್ಲ, ಅದು 3ನೇ ಪುಸ್ತಕ, ಬರೆದವರು ಬದುಕಿರುವವರೆಗೂ ಬೇರೆಯವರಿಗೆ ನಕಲು ಸಿಗಲ್ಲ. ಕ್ರಯಪತ್ರ, ದಾನಪತ್ರ, ಅಡಮಾನ ಪತ್ರ ಎಲ್ಲ 1ನೇ ಪುಸ್ತಕಕ್ಕೆ. ನಿಮ್ಮ ವಕೀಲರು ಹೇಳಿದ್ದು ಸರಿ.

ಇದು ತೆರೆದಿರಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಯಾಕೆ ಅಂದರೆ, ನಮ್ಮ ಕಡೆ ಒಬ್ಬ ಅಜ್ಜಿಯ ತೆಂಗಿನ ತೋಟ. ಮಗ ಮುಂಬೈನಲ್ಲಿ. ಯಾರೋ ಬೇರೆ ಹೆಂಗಸನ್ನು ಕೂರಿಸಿ, ಅಜ್ಜಿ ಹೆಸರಿನಲ್ಲಿ ಪತ್ರ ಮಾಡಿಸಿಕೊಂಡಿದ್ದರು. ಅದು ಗೊತ್ತಾಗಿದ್ದು ಹೇಗೆ? ಪಕ್ಕದ ತೋಟದವನು ಸಾಲಕ್ಕೆ ಅಂತ ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ) ತೆಗೆಸುವಾಗ ಸರ್ವೆ ನಂಬರ್ ತಪ್ಪಿ ಅಜ್ಜಿಯದ್ದು ಬಂತು. ಇದೇನಿದು, ಅಜ್ಜಿ ತೋಟ ಮಾರಿದ್ರಾ ಅಂತ ಓಡಿ ಬಂದು ಕೇಳಿದ. ನಕಲು ತೆಗೆಸಿ ನೋಡಿದರೆ ಫೋಟೋದಲ್ಲಿ ಇರುವವರು ಬೇರೆ ಯಾರೋ. ಅಜ್ಜಿಗೆ ಮಾತ್ರ ಕಾಣುವ ದಾಖಲೆ ಆಗಿದ್ದರೆ, ಅಜ್ಜಿ ತಾನಾಗಿ ಹೋಗಿ ನೋಡುತ್ತಿದ್ದರಾ? ತೋಟ ಹೋಗಿಯೇ ಬಿಡುತ್ತಿತ್ತು.

ಹಾಗಾಗಿ ಅಮ್ಮನ ಹೆಸರು, ಮನೆ ನಂಬರ್, ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ಯಾವಾಗ ಎಷ್ಟಕ್ಕೆ ಕೊಂಡರು ಅನ್ನೋದು ದಾಖಲೆಯಲ್ಲಿ ಇರಲಿ. ಅದು ಅಮ್ಮನಿಗೇ ಕಾವಲು. ನೋಂದಣಿ ಆಯಿತು ಅಂದರೆ ಊರಿಗೆಲ್ಲ ತಿಳಿಸಿದ ಹಾಗೆ ಅನ್ನೋದೇ ಕಾನೂನು. ನಾಳೆ ಯಾರೂ "ನನಗೆ ಗೊತ್ತಿರಲಿಲ್ಲ" ಅನ್ನೋ ಹಾಗಿಲ್ಲ.

ಆದರೆ ಹೆಬ್ಬೆಟ್ಟು, ಆಧಾರ್ ನಂಬರ್, ಪ್ಯಾನ್? ಮನೆ ಯಾರದು ಅಂತ ತಿಳಿಯೋಕೆ ದಾರಿಹೋಕನಿಗೆ ಅದು ಯಾಕೆ ಬೇಕು? ಫೋಟೋ, ಬೆರಳಚ್ಚು ಹಾಕಬೇಕು ಅನ್ನುವ 32ಎ ಕಲಂ ಕಾಯ್ದೆಗೆ ಸೇರಿದ್ದು 2001ರ ತಿದ್ದುಪಡಿಯಲ್ಲಿ. ಬೇರೆಯವರನ್ನು ಕೂರಿಸಿ ಮೋಸ ಮಾಡಬಾರದು ಅಂತ. ಒಳ್ಳೆ ಉದ್ದೇಶ. ಆಗ ಅದು ಕಚೇರಿಯ ದಪ್ಪ ಪುಸ್ತಕದಲ್ಲಿ ಕೂತಿರುತ್ತಿತ್ತು. ಮಸಿ ಮೆತ್ತಿದ ಹೆಬ್ಬೆಟ್ಟು, ಅರ್ಧ ಕಲೆ, ಅರ್ಧ ಗೆರೆ. ಈಗ ಗಾಜಿನ ಮೇಲೆ ಇಟ್ಟ ಬೆರಳು, ಗೆರೆ ಗೆರೆಯೂ ಕಂಪ್ಯೂಟರಿನಲ್ಲಿ. ದಾಖಲೆ ಪುಸ್ತಕದಿಂದ ಆನ್‌ಲೈನಿಗೆ ಬಂದಾಗ ಯಾವುದು ಎಲ್ಲರಿಗೆ, ಯಾವುದು ಕಚೇರಿಗೆ ಮಾತ್ರ ಅಂತ ಬೇರ್ಪಡಿಸಬೇಕಿತ್ತು. ಅದು ತಡವಾಯಿತು.

2016ರ ಆಧಾರ್ ಕಾಯ್ದೆಯ 29ನೇ ಕಲಮಿನಲ್ಲೇ ಇದೆ, ಆಧಾರ್ ನಂಬರನ್ನು ಸಾರ್ವಜನಿಕವಾಗಿ ಪ್ರಕಟಿಸಬಾರದು ಅಂತ. ಹೀಗಿದ್ದೂ ಪತ್ರದ ಒಕ್ಕಣೆಯಲ್ಲಿ 12 ಅಂಕಿ ಬರೆಯುವ ರೂಢಿ ನಮ್ಮವರಲ್ಲಿ ಇನ್ನೂ ಹೋಗಿಲ್ಲ. ಗುರುತಿಗೆ ಅಂತ ಕಚೇರಿಗೆ ಆಧಾರ್ ತೋರಿಸುವುದು ಬೇರೆ, ಒಕ್ಕಣೆಯಲ್ಲಿ ಪೂರ್ತಿ ನಂಬರ್ ಬರೆಯುವುದು ಬೇರೆ. ನಾನು ಕೊನೆಯ 4 ಅಂಕಿ ಮಾತ್ರ ಬರೆಯುತ್ತೇನೆ. ಇಲ್ಲಿ ಓದುತ್ತಿರುವವರು ಯಾರಾದರೂ ಮನೆ, ಸೈಟು ತೆಗೆದುಕೊಳ್ಳುವವರಿದ್ದರೆ, ಡ್ರಾಫ್ಟ್ ಬಂದಾಗ ಬೆಲೆ, ಅಳತೆ ನೋಡಿದ ಹಾಗೆ ಇದನ್ನೂ ನೋಡಿ. "ಆಧಾರ್ ಪೂರ್ತಿ ಬೇಡ, ಕೊನೆ 4 ಅಂಕಿ ಸಾಕು" ಅಂತ ಬರೆಯುವವರಿಗೆ ಹೇಳಿ. ಫೋನ್ ನಂಬರನ್ನಂತೂ ಒಕ್ಕಣೆಯಲ್ಲಿ ಹಾಕಿಸಲೇಬೇಡಿ.

ಫೋನ್ ಅಂದಾಗ ನೆನಪಾಯಿತು. ನಿಮ್ಮ ಅಮ್ಮನಿಗೆ ಕರೆ ಬಂದಿದ್ದು ದಾಖಲೆಯಿಂದಲೇ ಅಂತ ನನಗೆ ಅನಿಸಲ್ಲ. ಇಸಿಯಲ್ಲಿ ಆಸ್ತಿಯ ವಿವರ, ಕೊಟ್ಟವರು ಕೊಂಡವರ ಹೆಸರು, ಮೊತ್ತ, ದಸ್ತಾವೇಜು ನಂಬರ್ ಇರುತ್ತೆ, ಫೋನ್ ನಂಬರ್ ಇರಲ್ಲ. ಹೆಸರು, ಮನೆ, ಫೋನ್ ಮೂರೂ ಒಟ್ಟಿಗೆ ಸಿಗುವುದು ಬೇರೆ ಕಡೆ. ಬ್ರೋಕರ್ ಹತ್ತಿರ. ಸಾಲ ವಿಚಾರಿಸಿದ್ದರೆ ಆ ಏಜೆಂಟ್ ಹತ್ತಿರ. ಎಲ್ಲಕ್ಕಿಂತ ಜಾಸ್ತಿ ಝೆರಾಕ್ಸ್ ಅಂಗಡಿಯಲ್ಲಿ. ಪ್ರಿಂಟ್ ಬೇಕು ಅಂತ ಪತ್ರ, ಆಧಾರ್, ಪ್ಯಾನ್ ಎಲ್ಲ ಅಂಗಡಿಯವನ ವಾಟ್ಸಾಪಿಗೆ ಕಳಿಸುತ್ತೇವಲ್ಲ, ಆ ಫೈಲು ಅವನ ಕಂಪ್ಯೂಟರಿನಲ್ಲೇ ಉಳಿಯುತ್ತೆ. ಕಚೇರಿ ಸುತ್ತಮುತ್ತಲಿನ ಅಂಗಡಿಗಳಲ್ಲಿ ಪರದೆ ಮೇಲೆ ಸಾಲಾಗಿ ಜನರ ಹೆಸರಿನ ಫೈಲುಗಳು ಇರುತ್ತವೆ. ಯಾರು ಬೇಕಾದರೂ ಪೆನ್‌ಡ್ರೈವ್ ಹಾಕುವ ಕಂಪ್ಯೂಟರ್ ಅದು. ಪ್ರಿಂಟ್ ಆದ ಮೇಲೆ ಎದುರಿಗೇ ನಿಂತು ಡಿಲೀಟ್ ಮಾಡಿಸಿ. ಮುಜುಗರ ಪಡಬೇಡಿ.

ಇನ್ನೊಂದು. ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿ 2.0ರಲ್ಲಿ ಅರ್ಜಿ ಹಾಕುವಾಗ ಬಹಳ ಜನ ಬರಹಗಾರರ ಅಥವಾ ಮಧ್ಯವರ್ತಿಯ ಲಾಗಿನ್‌ನಲ್ಲೇ ಮಾಡಿಸುತ್ತಾರೆ. ನೀವು ನಿಮ್ಮದೇ ಲಾಗಿನ್ ಮಾಡಿಕೊಳ್ಳಿ, ನಿಮ್ಮದೇ ಮೊಬೈಲ್ ಕೊಡಿ. ನಾನೇ ಬರಹಗಾರನಾಗಿ ಈ ಮಾತು ಹೇಳುತ್ತಿದ್ದೇನೆ.

ದಾನಪತ್ರದ ವಿಷಯ. ಬೇಡ ತಂಗಿ. ಹಳೆ ಪತ್ರ ಎಲ್ಲೂ ಹೋಗಲ್ಲ, ಅದರ ಮೇಲೆ ಇನ್ನೊಂದು ಪತ್ರ ಸೇರುತ್ತೆ. ಅಮ್ಮನ ಹೆಬ್ಬೆಟ್ಟು ಒಂದು ಕಡೆ ಇದ್ದಿದ್ದು ಎರಡು ಕಡೆ ಆಗುತ್ತೆ, ಜೊತೆಗೆ ನಿಮ್ಮಿಬ್ಬರದ್ದೂ. ತಿದ್ದುಪಡಿ ಪತ್ರ ಮಾಡಿಸಿದರೂ ಅಷ್ಟೇ, ಹಳೆಯದು ಅಳಿಸುವುದಿಲ್ಲ. ಮನೆ ಅಮ್ಮನ ಹೆಸರಿನಲ್ಲೇ ಇರಲಿ. ಒಂಟಿಯಾಗಿರುವ ಹೆಂಗಸಿಗೆ ತನ್ನ ಹೆಸರಿನ ಮನೆ ಅಂದರೆ ಅದರ ಧೈರ್ಯವೇ ಬೇರೆ.

ಬೆರಳಚ್ಚಿನ ದುಡ್ಡಿನ ವಿಷಯ ಬ್ಯಾಂಕಿನವರು ಯಾರಾದರೂ ಹೇಳಿದರೆ ಒಳ್ಳೆಯದು.

ನಿವೃತ್ತ ಕ್ಯಾಷಿಯರ್ ಉತ್ತರ:

ಹೇಳುತ್ತೇನೆ. ನಿಜ ಮೇಡಂ, ಆಗಿದೆ.

ಎಇಪಿಎಸ್ ಅಂತ ಒಂದು ವ್ಯವಸ್ಥೆ ಇದೆ. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರ ಒಂದು ಸಣ್ಣ ಮೆಷಿನ್ ಹಿಡಿದು ಬರುತ್ತಾರಲ್ಲ, ಪಿಂಚಣಿ, ಉದ್ಯೋಗ ಖಾತ್ರಿ ಕೂಲಿ ಕೊಡೋಕೆ, ಅದೇ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳು. ಇಷ್ಟೇ ಸಾಕು. ಒಟಿಪಿ ಇಲ್ಲ, ಪಿನ್ ಇಲ್ಲ. ಕಾರ್ಡ್ ಹಿಡಿಯಲು ಬಾರದ, ಅಕ್ಷರ ಬಾರದ ಜನರಿಗೆ ಅದು ಬಹಳ ದೊಡ್ಡ ಅನುಕೂಲ, ಅದನ್ನು ನಾನು ಬೈಯುವುದಿಲ್ಲ. ಆದರೆ ಆಧಾರ್ ಜೋಡಿಸಿದ ಖಾತೆಗೆ ನೀವು ಕೇಳದೇ ಇದ್ದರೂ ಈ ಬಾಗಿಲು ತೆರೆದಿರುತ್ತೆ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು.

ಪತ್ರದಲ್ಲಿರುವ ಬೆರಳಚ್ಚನ್ನು ಸಿಲಿಕೋನ್ ಮೇಲೆ ಎತ್ತಿ ನಕಲಿ ಬೆರಳು ಮಾಡುತ್ತಾರೆ. 2018ರಲ್ಲಿ ತೆಲಂಗಾಣದಲ್ಲಿ ಒಬ್ಬ ಭೂದಾಖಲೆಗಳ ವೆಬ್‌ಸೈಟಿನಿಂದ ಬೆರಳಚ್ಚು ತೆಗೆದು ಬೇರೆಯವರ ಹೆಸರಿನಲ್ಲಿ ಸಿಮ್ ಮಾಡಿಸಿ ಸಿಕ್ಕಿಬಿದ್ದಿದ್ದ. 2023ರಲ್ಲಿ ಬೆಂಗಳೂರಿನಲ್ಲೇ, ಆಸ್ತಿ ನೋಂದಣಿ ಮಾಡಿಸಿದ ಜನರ ಖಾತೆಯಿಂದ ಹೀಗೆ ದುಡ್ಡು ಹೋದ ದೂರುಗಳು ಬಂದವು. ಪೊಲೀಸರು ನೋಂದಣಿ ಇಲಾಖೆಗೆ ಬರೆದರು. ಆಮೇಲೆ ಆನ್‌ಲೈನ್ ನಕಲುಗಳಲ್ಲಿ ಆಧಾರ್, ಬೆರಳಚ್ಚು ಮರೆಮಾಡುವ ಕೆಲಸ ಶುರುವಾಯಿತು. ಅದೇ ವರ್ಷ ಆಧಾರಿನವರೂ ಇಟ್ಟಿರುವುದು ಜೀವಂತ ಬೆರಳೋ ನಕಲಿಯೋ ಅಂತ ನೋಡುವ ಹೊಸ ತಪಾಸಣೆ ತಂದರು. ಹಾಗಾಗಿ ಮೊದಲಿನಷ್ಟು ಸಲೀಸಲ್ಲ. ಆದರೆ ಅದಕ್ಕೂ ಮೊದಲೇ ಯಾರೋ ಇಳಿಸಿಟ್ಟುಕೊಂಡ ನಕಲು ಇದ್ದರೆ? ಅದನ್ನು ಯಾರೂ ವಾಪಸ್ ತರೋಕಾಗಲ್ಲ. ಬೆರಳು ಬದಲಾಯಿಸೋಕೂ ಆಗಲ್ಲ.

ಅದಕ್ಕೇ ಇವತ್ತೇ ಅಮ್ಮನ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ. ಆಧಾರಿನ ಆಪ್‌ನಲ್ಲಿ ಅಥವಾ ಆಧಾರ್ ವೆಬ್‌ಸೈಟಿನಲ್ಲಿ ಆಗುತ್ತೆ, ಪುಕ್ಕಟೆ. ಆಧಾರಿಗೆ ಅಮ್ಮನ ಮೊಬೈಲ್ ಜೋಡಣೆ ಆಗಿರಬೇಕು, ಅಷ್ಟೇ. ಲಾಕ್ ಆದರೆ ನಕಲಿ ಬೆರಳು ಏನೂ ಮಾಡೋಕಾಗಲ್ಲ. ಒಟಿಪಿಯಿಂದ ಆಗುವ ಕೆಲಸಗಳು ನಡೆಯುತ್ತವೆ. ಒಂದೇ ತೊಂದರೆ, ಅಮ್ಮನ ಅಸಲಿ ಬೆರಳೂ ನಡೆಯಲ್ಲ! ರೇಷನ್ ಅಂಗಡಿ, ನವೆಂಬರಿನಲ್ಲಿ ಪಿಂಚಣಿಯ ಜೀವಿತ ಪ್ರಮಾಣಪತ್ರ, ಹೊಸ ಸಿಮ್, ಇವಕ್ಕೆ ಹೋಗುವ ಮುಂಚೆ ಸ್ವಲ್ಪ ಹೊತ್ತು ಅನ್‌ಲಾಕ್ ಮಾಡಿಕೊಳ್ಳಬೇಕು. ಇದನ್ನು ಅಮ್ಮನಿಗೆ ಹೇಳದೆ ಲಾಕ್ ಮಾಡಬೇಡಿ. ಪಾಪ, ಅಲ್ಲಿ ಕ್ಯೂನಲ್ಲಿ ನಿಂತು ಬೆರಳು ಒರೆಸಿ ಒರೆಸಿ ಇಡುತ್ತಾ ಇರುತ್ತಾರೆ.

ಅದೇ ವೆಬ್‌ಸೈಟಿನಲ್ಲಿ ಕಳೆದ 6 ತಿಂಗಳಲ್ಲಿ ಆಧಾರ್ ಎಲ್ಲೆಲ್ಲಿ ಬಳಕೆ ಆಗಿದೆ ಅಂತ ಪಟ್ಟಿ ಸಿಗುತ್ತೆ. ಅದನ್ನೊಮ್ಮೆ ಅಮ್ಮನ ಜೊತೆ ಕೂತು ನೋಡಿ. ಅಮ್ಮ ಮನೆಯಲ್ಲೇ ಇದ್ದ ದಿನ ಬೆರಳಿನ ಬಳಕೆ ತೋರಿಸಿದರೆ ಎಚ್ಚರ. ಬ್ಯಾಂಕಿಗೆ ಹೋಗಿ "ಈ ಖಾತೆಗೆ ಎಇಪಿಎಸ್ ಬೇಡ" ಅಂತ ಬರೆದುಕೊಡಿ. ಎಸ್ಎಂಎಸ್ ಬರುತ್ತಾ ಅಂತಲೂ ಖಾತ್ರಿ ಮಾಡಿಕೊಳ್ಳಿ. ವಯಸ್ಸಾದವರ ಖಾತೆಯಲ್ಲಿ ಎಷ್ಟೋ ಸಲ ಸತ್ತುಹೋದ ಯಜಮಾನರ ಮೊಬೈಲ್ ನಂಬರೇ ಇರುತ್ತೆ. ದುಡ್ಡು ಹೋದರೆ ಸಂದೇಶ ಯಾರಿಗೆ ಹೋಗಬೇಕು ಹೇಳಿ.

ದೇವರು ದೊಡ್ಡವನು, ಹಾಗಾಗದಿರಲಿ, ಆದರೂ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಅದೇ ದಿನ ಬ್ಯಾಂಕಿಗೆ ಲಿಖಿತ ದೂರು ಕೊಡಿ. ತಪ್ಪು ಗ್ರಾಹಕರದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ ಅನ್ನುವಂಥ ವಂಚನೆಯಲ್ಲಿ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ನಷ್ಟದ ಹೊಣೆ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2017ರ ಸುತ್ತೋಲೆಯಲ್ಲಿ ಹೇಳಿದೆ. ಕೌಂಟರಿನಲ್ಲಿ "ನಿಮ್ಮ ಬೆರಳೇ ಇಟ್ಟಿದ್ದಾರೆ, ನಾವೇನು ಮಾಡೋಣ" ಅನ್ನಬಹುದು. ಆ ಮಾತಿಗೆ ವಾಪಸ್ ಬರಬೇಡಿ. ದೂರಿನ ಸ್ವೀಕೃತಿ ತೆಗೆದುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌, ಅಂದರೆ ಬ್ಯಾಂಕ್ ಗ್ರಾಹಕರ ದೂರು ಕೇಳುವ ಅಧಿಕಾರಿ, ಅವರ ಹತ್ತಿರ ಹೋಗಬಹುದು.

ಜರ್ಸಿ ಕನ್ನಡಿಗ ಉತ್ತರ:

ನಾನಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಇಲ್ಲೂ ಮನೆ ಯಾರದು, ಎಷ್ಟಕ್ಕೆ ಕೊಂಡರು ಅನ್ನೋದು ಸಾರ್ವಜನಿಕ ದಾಖಲೆ. 2020ರ ಜುಲೈನಲ್ಲಿ ಇಲ್ಲಿ ಒಬ್ಬ ಫೆಡರಲ್ ನ್ಯಾಯಾಧೀಶೆ, ಎಸ್ತರ್ ಸಲಾಸ್ ಅವರ ಮನೆ ಬಾಗಿಲಿಗೆ ಕೊರಿಯರ್ ಹುಡುಗನ ವೇಷದಲ್ಲಿ ಒಬ್ಬ ಬಂದ. ಅವರ 20 ವರ್ಷದ ಮಗ ಡೇನಿಯಲ್‌ನನ್ನು ಗುಂಡಿಟ್ಟು ಕೊಂದ. ಗಂಡನಿಗೂ ಗುಂಡು ತಗುಲಿತು. ಆ ತಾಯಿ ಅಷ್ಟಕ್ಕೇ ಬಿಡಲಿಲ್ಲ, ಮನೆ ವಿಳಾಸ ಇಷ್ಟು ಸುಲಭವಾಗಿ ಸಿಗಬಾರದು ಅಂತ ಎಲ್ಲ ಕಡೆ ಮಾತಾಡಿದರು. ಅದೇ ವರ್ಷ ನ್ಯೂಜೆರ್ಸಿಯಲ್ಲಿ ಮಗನ ಹೆಸರಿನಲ್ಲೇ ಡೇನಿಯಲ್ಸ್ ಲಾ ಬಂತು. 2022ರಲ್ಲಿ ದೇಶಮಟ್ಟದಲ್ಲೂ ಒಂದು ಕಾನೂನು ಆಯಿತು.

ಆದರೆ ನ್ಯೂಜೆರ್ಸಿಯ ಆ ಕಾನೂನು ನ್ಯಾಯಾಧೀಶರು, ಪ್ರಾಸಿಕ್ಯೂಟರ್‌ಗಳು, ಪೊಲೀಸರು, ಅವರ ಮನೆಯವರು, ಇಂಥವರಿಗೆ. ನನ್ನಂಥವನ ಹೆಸರು ಹಾಗೇ ಇದೆ. ಕೆಲವರು ಇಲ್ಲಿ ಟ್ರಸ್ಟ್ ಹೆಸರಿನಲ್ಲಿ ಮನೆ ಕೊಂಡು ಹೆಸರು ಮರೆಮಾಡುತ್ತಾರೆ. ದುಡ್ಡಿದ್ದವರಿಗೆ ಆಗುವ ಕೆಲಸ.

ನನ್ನದೊಂದು ಸೈಟು ಮೈಸೂರಿನಲ್ಲಿದೆ. ನಾನು ಮಾತ್ರ ತಿಪಟೂರು ಅವರ ಪಕ್ಷ. ಇಲ್ಲಿ ಕೂತೇ ನನ್ನ ಸೈಟಿನ ಇಸಿ ನೋಡೋಕೆ ಆಗುತ್ತಲ್ಲ, ಅದೊಂದು ನೆಮ್ಮದಿ. ಅದು ಮುಚ್ಚಿದರೆ ನಮ್ಮಂಥವರ ಆಸ್ತಿ ಕೇಳುವವರೇ ಇರಲ್ಲ.

ಶರಾವತಿ ತೀರದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದಾನಪತ್ರದ ಯೋಚನೆ ಬಿಟ್ಟೆವು. ಅಣ್ಣನಿಗೂ ಇದನ್ನೇ ಓದಿಸಿದೆ. ನಿನ್ನೆ ರಾತ್ರಿ ವಿಡಿಯೋ ಕಾಲ್‌ನಲ್ಲೇ ಅಮ್ಮನ ಬಯೋಮೆಟ್ರಿಕ್ ಲಾಕ್ ಮಾಡಿಸಿದೆ. ಕ್ಯಾಷಿಯರ್ ಸರ್, ನೀವು ಹೇಳಿದ್ದು ಸರಿ, ಬ್ಯಾಂಕ್ ಖಾತೆಯಲ್ಲಿ ಇನ್ನೂ ಅಪ್ಪನ ನಂಬರೇ ಇತ್ತು. ಆ ಸಿಮ್ ಬಂದ್ ಆಗಿ ಎಷ್ಟೋ ಕಾಲ ಆಯಿತು.

ತಿಪಟೂರಿನ ಅಣ್ಣ, ಒಂದೇ ಒಂದು ಕೇಳ್ತೀನಿ. ಸಾಗರದ ಮನೆಯನ್ನು ಅಮ್ಮ ಅಪ್ಪ ಜಂಟಿಯಾಗಿ 2006ರಲ್ಲಿ ಕೊಂಡಿದ್ದು. ಆ ಪತ್ರದಲ್ಲೂ ಹೆಬ್ಬೆಟ್ಟು ಇದೆ. ಮನೆ ಈಗ ನಮ್ಮದಲ್ಲ, ಆದರೂ ಏನಾದರೂ ಮಾಡಬಹುದಾ?

ಪತ್ರ ಬರಹ, ತಿಪಟೂರು:

ಮಾಡಬಹುದು. 2004ರ ಏಪ್ರಿಲ್ 1ರಿಂದ ಈಚೆಗಿನ ಇಸಿ ಆನ್‌ಲೈನಿನಲ್ಲೇ ಸಿಗುತ್ತೆ, 2006ರದ್ದು ಅದರೊಳಗೇ ಬರುತ್ತೆ. ಆಗ ಆಧಾರ್ ಇರಲಿಲ್ಲ, ಹಾಗಾಗಿ ಆ ಪತ್ರದಲ್ಲಿ ನಂಬರ್ ಇರಲ್ಲ. ಬೆರಳಿದೆ, ನಂಬರಿಲ್ಲ, ಅಷ್ಟು ಸಮಾಧಾನ. ಆದರೆ ನೀವು ಈಗ ಮನೆ ಮಾರಿದ ಪತ್ರದಲ್ಲಿ ಅಮ್ಮ ಕೊಟ್ಟವರು, ಅದರಲ್ಲಿ ಎರಡೂ ಇರುತ್ತೆ. ಕೊಂಡಿದ್ದನ್ನು ಮಾತ್ರ ನೋಡಿ ಮಾರಿದ್ದನ್ನು ಮರೆಯುತ್ತೇವೆ.

ಮೊದಲು ಸಾಗರದ ಮನೆಯ ಈ ಎರಡೂ ಪತ್ರಗಳ ನಕಲಿಗೆ ನೀವೇ ಆನ್‌ಲೈನಿನಲ್ಲಿ ಅರ್ಜಿ ಹಾಕಿ. ಹೊರಗಿನವರಿಗೆ ಏನು ಸಿಗುತ್ತೋ ಅದೇ ನಿಮ್ಮ ಕೈಗೆ ಬರಲಿ. ಆಧಾರ್, ಬೆರಳಚ್ಚು ಮುಚ್ಚಿದ್ದರೆ ಸರಿ. ಮುಚ್ಚಿಲ್ಲದಿದ್ದರೆ ಜಿಲ್ಲಾ ನೋಂದಣಾಧಿಕಾರಿಗಳಿಗೆ ಒಂದು ಮನವಿ ಕೊಡಿ. ಉದ್ದ ಬೇಡ, ಅರ್ಧ ಪುಟ ಸಾಕು. ದಸ್ತಾವೇಜು ನಂಬರ್, ವರ್ಷ, ಯಾವ ಉಪನೋಂದಣಿ ಕಚೇರಿ, ಯಾವ ಪುಟದಲ್ಲಿ ಏನು ಕಾಣುತ್ತಿದೆ ಅಂತ ಬರೆಯಿರಿ. "ದಾಖಲೆ ತೆಗೆಯಿರಿ ಅಂತ ಕೇಳುತ್ತಿಲ್ಲ, ಸಾರ್ವಜನಿಕ ನಕಲಿನಲ್ಲಿ ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಮರೆಮಾಡಬೇಕು" ಅಂತ ಸ್ಪಷ್ಟವಾಗಿ ಇರಲಿ. ಆಧಾರ್ ಕಾಯ್ದೆ 29(4) ಅಂತ ಒಂದು ಸಾಲು ಸೇರಿಸಿ. ಮನವಿಯಲ್ಲಿ ಅಮ್ಮನ ಆಧಾರ್ ನಂಬರ್ ಬರೆಯಬೇಡಿ, ಅದರ ಝೆರಾಕ್ಸ್ ಕೂಡ ಲಗತ್ತಿಸಬೇಡಿ. ಗುರುತಿಗೆ ಏನಾದರೂ ಕೇಳಿದರೆ ಮೊದಲ 8 ಅಂಕಿ ಮುಚ್ಚಿದ ಆಧಾರ್ ವೆಬ್‌ಸೈಟಿನಲ್ಲೇ ಇಳಿಸಿಕೊಳ್ಳಬಹುದು, ಅದನ್ನು ಕೊಡಿ.

ಅಮ್ಮನ ಸಹಿ ಹಾಕಿಸಿ, ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ. ಪತ್ರ ಬರೆಯೋಕೆ ತೊಡಕಾದರೆ ಇಲ್ಲೇ ಹೇಳಿ, ಮಾದರಿ ಬರೆದು ಹಾಕುತ್ತೇನೆ. ಬೇರೆಯವರಿಗೂ ಆಗುತ್ತೆ.